ಮೃದ್ವೀಕಾಪಾಕ: ಹಳೆಯ ಬೋರ್ಡೋ ವೈನಿನ ರುಚಿ ನೋಡುವುದು ಮತ್ತು ನಮ್ಮ ವಿಮರ್ಶೆಯ ಮಾತು

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನಾನು ಕೊಂಗುನಾಡಿನ ಕುನ್ನತ್ತೂರು ಕಡೆಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಈಗ ಓದ್ತಾ ಇರೋದು ಕನ್ನಡ ಸಾಹಿತ್ಯ. ಇವತ್ತಿನ ವಿಷಯ ನೋಡಿ ಕೆಲವರಿಗೆ ನಗು ಬಂದಿರಬಹುದು. ಫ್ರಾನ್ಸಿನ ಹಳೆಯ ಕೆಂಪು ವೈನಿಗೂ ಕನ್ನಡ ವಿಮರ್ಶೆಗೂ ಏನು ಸಂಬಂಧ ಅಂತ. ಸಂಬಂಧ ಇದೆ. ರಸ, ಆಸ್ವಾದ, ರುಚಿ, ಪಾಕ, ಸಹೃದಯ: ನಾವು ಕಾವ್ಯಕ್ಕೆ ಬಳಸುವ ಈ ಮಾತುಗಳಲ್ಲಿ ಹೆಚ್ಚಿನವು ನಾಲಿಗೆಯಿಂದ ಬಂದವು. ನಾಲಿಗೆಯ ಮೇಲೇ ಪೂರ್ತಿ ನಿಂತ ಒಂದು ವಿಮರ್ಶಾಪದ್ಧತಿ ಜಗತ್ತಿನಲ್ಲಿ ಬೆಳೆದು ನಿಂತಿರುವಾಗ, ಅದನ್ನು ನಮ್ಮ ಮಾತುಗಳಿಂದ ಪರೀಕ್ಷಿಸಬಹುದು, ಅದರಿಂದ ನಮ್ಮ ಮಾತುಗಳನ್ನೂ ಪರೀಕ್ಷಿಸಬಹುದು. ನನ್ನ ವಿಷಯ ವೈನ್ ಕುಡಿಯುವುದಲ್ಲ. ವೈನಿನ ಬಗ್ಗೆ ತೀರ್ಪು ಕೊಡುವ ಬರಹ.

1. ಬೋರ್ಡೋ ಎಂಬ ಹೆಸರು

ಕನ್ನಡ ನಾಡಿನ ಹೆಚ್ಚಿನವರಿಗೆ ‘ಬೋರ್ಡೋ’ ಗೊತ್ತಿರುವುದು ಅಡಿಕೆ ತೋಟದಿಂದ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್: ಇದು ಶೇಕಡಾ ಒಂದರ ಬೋರ್ಡೋ ದ್ರಾವಣ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಔಷಧಿ. 1885ರ ಹೊತ್ತಿಗೆ ಮಿಲಾರ್ದೇ ಎಂಬ ಸಸ್ಯಶಾಸ್ತ್ರಜ್ಞ ಬೋರ್ಡೋ ಸೀಮೆಯ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಕಂಡುಕೊಂಡದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹಚ್ಚಿದರು. ಹೀಗೆ ಆ ಊರಿನ ಹೆಸರು ನಮ್ಮಲ್ಲಿಗೆ ಬಂದದ್ದು ಔಷಧಿಯಾಗಿ. ವೈನ್ ಬಂದದ್ದು ಬಹಳ ಆಮೇಲೆ. ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಶುರುಮಾಡಿದ ದ್ರಾಕ್ಷಿ ತೋಟಕ್ಕೆ ಬೋರ್ಡೋದ ಮಿಷೆಲ್ ರೋಲಾನ್ 1990ರ ದಶಕದಲ್ಲಿ ಸಲಹೆಗಾರರಾದರು. ಅಲ್ಲಿನ ‘ಲಾ ರಿಸರ್ವ್’ ಕ್ಯಾಬರ್ನೇ ಸೊವಿನ್ಯೋನ್ ಮತ್ತು ಶಿರಾಜ್ ಸೇರಿದ ಕೆಂಪು ವೈನ್. ಅಂದರೆ ಬೋರ್ಡೋದ ರುಚಿಯ ಅಳತೆಗೋಲು ಈಗ ಚಿಕ್ಕಬಳ್ಳಾಪುರದ ಹತ್ತಿರವೂ ಕೆಲಸ ಮಾಡುತ್ತಿದೆ. ಹಾಗಾಗಿ ಆ ಅಳತೆಗೋಲನ್ನು ಓದುವುದು ಪರದೇಶದ ವಿಷಯ ಏನಲ್ಲ.

2. ಹೇಗೆ ರುಚಿ ನೋಡುತ್ತಾರೆ

ಬೋರ್ಡೋದ ಕೆಂಪು ವೈನಿಗೆ ಎರಡು ದಡ. ಎಡದಂಡೆಯ ಮೆದೋಕ್ ಕಡೆ ಜಲ್ಲಿಕಲ್ಲಿನ ನೆಲ, ಕ್ಯಾಬರ್ನೇ ಸೊವಿನ್ಯೋನ್ ದ್ರಾಕ್ಷಿ ಹೆಚ್ಚು. ಬಲದಂಡೆಯ ಸೇಂತ್ ಎಮಿಲಿಯೋನ್, ಪೊಮೆರೋಲ್ ಕಡೆ ಮೆರ್ಲೋ ಹೆಚ್ಚು. 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ ಒಂದೂವರೆ ಎರಡು ವರ್ಷ ಇದ್ದು, ಆಮೇಲೆ ಬಾಟಲಿಗೆ ಹೋಗಿ, ಒಳ್ಳೆಯ ವರ್ಷದ್ದಾದರೆ ಇಪ್ಪತ್ತು ಮೂವತ್ತು ವರ್ಷ ನೆಲಮಾಳಿಗೆಯ ತಂಪಿನಲ್ಲಿ ಮಲಗಿರುತ್ತದೆ.

ಅಂಥ ಬಾಟಲಿಯನ್ನು ತೆರೆಯುವ ಮೊದಲು ಒಂದು ದಿನವಾದರೂ ನೆಟ್ಟಗೆ ನಿಲ್ಲಿಸುತ್ತಾರೆ. ಒಳಗಿನ ಗಸಿ ತಳಕ್ಕೆ ಇಳಿಯಲಿ ಅಂತ. ವೈನ್ ಬಾಟಲಿಯ ಕತ್ತಿನವರೆಗೆ ಇದೆಯೋ, ಭುಜಕ್ಕೆ ಇಳಿದಿದೆಯೋ ನೋಡುತ್ತಾರೆ. ಬಹಳ ಇಳಿದಿದ್ದರೆ ಬಿರಡೆಯಿಂದ ಗಾಳಿ ನುಸುಳಿದೆ ಎಂದು ಅರ್ಥ. ಆಮೇಲೆ ಹಿಂದೆ ಒಂದು ದೀಪ ಇಟ್ಟುಕೊಂಡು, ಗಸಿ ಕತ್ತಿನ ಹತ್ತಿರ ಬರುವವರೆಗೆ ತಿಳಿಯನ್ನು ಮಾತ್ರ ಮೆಲ್ಲಗೆ ಬೇರೆ ಪಾತ್ರೆಗೆ ಬಸಿಯುತ್ತಾರೆ. ಕನ್ನಡದಲ್ಲಿ ‘ತಿಳಿ’ ಅಂದರೆ ನಿರ್ಮಲ, ‘ತಿಳಿ’ ಅಂದರೆ ಅರಿ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬೇರೆ ಭಾಷೆಯಲ್ಲಿ ಹುಡುಕಬೇಕಾಗಿಲ್ಲ.

ಮುಂದೆ ಕ್ರಮ ಮೂರು: ಕಣ್ಣು, ಮೂಗು, ಬಾಯಿ. ಎಳೆಯ ವೈನ್ ನೇರಳೆಗೆಂಪು; ಹಳತಾದಂತೆ ಮಾಣಿಕ್ಯದ ಕೆಂಪು, ಆಮೇಲೆ ಇಟ್ಟಿಗೆ ಬಣ್ಣ. ಲೋಟ ಓರೆ ಮಾಡಿದಾಗ ಅಂಚಿನಲ್ಲಿ ಕಾಣುವ ಕಂದು ವಯಸ್ಸನ್ನು ಹೇಳುತ್ತದೆ. ಮೂಗಿಗೆ ಮೊದಲು ಹಣ್ಣಿನ ವಾಸನೆ, ಬಳಿಕ ಹುದುಗು ಮತ್ತು ಮರದ ವಾಸನೆ, ಕೊನೆಗೆ ವಯಸ್ಸಿನಿಂದ ಬಂದ ವಾಸನೆ: ಹೊಗೆಸೊಪ್ಪು, ದೇವದಾರು, ತೊಗಲು, ಅಣಬೆ, ಮಳೆ ಬಿದ್ದ ಮಣ್ಣು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ, ಆ ಬಾಟಲಿ ಹೋಯಿತು. ಬಾಯಲ್ಲಿ ಹುಳಿ, ಒಗರು, ತೂಕ ನೋಡಿ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಎಣಿಸುತ್ತಾರೆ. ಈ ಕೊನೆಯ ಅಳತೆಯನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

3. ಒಗರು

ಹಳೆಯ ಬೋರ್ಡೋದ ಕಥೆ ಅಂದರೆ ಒಗರಿನ ಕಥೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿ ಅದನ್ನು ಗಟ್ಟಿಗೊಳಿಸುತ್ತದೆ. ನಾಲಿಗೆ ಒಣಗಿ ಹಿಡಿದ ಹಾಗೆ ಆಗುತ್ತದೆ. ಇಂದಿನ ವಿಜ್ಞಾನ ಇದನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶ ಎನ್ನುತ್ತದೆ. ನಮ್ಮ ಷಡ್ರಸದಲ್ಲಿ ಮಾತ್ರ ಕಷಾಯಕ್ಕೆ ಪೂರ್ತಿ ರಸದ ಸ್ಥಾನ. ಕನ್ನಡದಲ್ಲಿ ಇದಕ್ಕೆ ಒಗರು, ತೊಗರು, ಚೊಗರು ಅಂತ ಮೂರು ಮಾತುಗಳಿವೆ. ನಮ್ಮೂರ ಕಡೆಯ ಕನ್ನಡದವರ ಬಾಯಲ್ಲಿ ತಮಿಳಿನ ‘ತುವರ್ಪು’ ಕೂಡ ಬರುತ್ತದೆ. ಅಡಿಕೆ, ನೇರಳೆ, ಎಳೆ ಬಾಳೆಕಾಯಿ ತಿಂದು ಬೆಳೆದ ನಾಲಿಗೆಗೆ ಒಗರನ್ನು ಯಾರೂ ಹೇಳಿಕೊಡಬೇಕಿಲ್ಲ.

ವರ್ಷಗಳು ಕಳೆದಂತೆ ಟ್ಯಾನಿನ್ನಿನ ಸಣ್ಣ ಅಣುಗಳು ಒಂದಕ್ಕೊಂದು, ಬಣ್ಣದ ಅಣುಗಳಿಗೂ ಕೂಡಿಕೊಂಡು ದೊಡ್ಡವಾಗುತ್ತವೆ. ಒಂದಷ್ಟು ಗಸಿಯಾಗಿ ಇಳಿದು ಹೋಗುತ್ತವೆ. ಬಣ್ಣ ತೆಳುವಾಗುತ್ತದೆ, ಬಿಗಿತ ಸಡಿಲುತ್ತದೆ. ಹಳೆಯ ಅಕ್ಕಿ, ಹಳೆಯ ಹುಣಸೆ ನಮಗೆ ಪರಿಚಿತ. ಹೊಸ ಮದ್ಯ ಜಡ, ಹಳೆಯದು ಹಗುರ ಎಂಬ ವಿವೇಚನೆ ಚರಕಸಂಹಿತೆಯಲ್ಲೂ ಇದೆ. ವಯಸ್ಸನ್ನು ಗುಣವೆಂದು ಎಣಿಸುವ ಅಭ್ಯಾಸ ನಮ್ಮ ಅಡುಗೆಮನೆಯಲ್ಲೂ ಇತ್ತು, ವೈದ್ಯದಲ್ಲೂ ಇತ್ತು.

4. ರಾಜಶೇಖರನ ಒಂಬತ್ತು ಹಣ್ಣು

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ತರಗತಿಯಲ್ಲಿ ನಾವು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಅಂತ ಓದಿದ್ದೇವೆ. ಬಾಯಿಗಿಟ್ಟ ಕೂಡಲೇ ರಸ ಸುರಿಸುವುದು ದ್ರಾಕ್ಷಿ. ಸಿಪ್ಪೆ ಸುಲಿಯಬೇಕಾದದ್ದು ಬಾಳೆ. ಚಿಪ್ಪು ಒಡೆಯಬೇಕಾದದ್ದು ತೆಂಗು. ಈ ಲೆಕ್ಕದಲ್ಲಿ ಎಳೆಯ ಬೋರ್ಡೋ ಒಂದು ವಿಚಿತ್ರ: ದ್ರಾಕ್ಷಿಯಿಂದ ಮಾಡಿದ್ದು, ಆದರೆ ನಾರಿಕೇಳಪಾಕ. ಅದರ ಚಿಪ್ಪನ್ನು ಒಡೆಯುವುದಕ್ಕೆ ಕತ್ತಿ ಬೇಡ, ಇಪ್ಪತ್ತು ವರ್ಷ ಬೇಕು.

ಇದಕ್ಕಿಂತ ಹಳೆಯ ಇನ್ನೊಂದು ಪಟ್ಟಿ ಇದೆ. ಪಂಪನಿಗೆ ತುಸು ಹಿಂದಿನವನಾದ ರಾಜಶೇಖರನ ‘ಕಾವ್ಯಮೀಮಾಂಸೆ’ಯದು. ಅಲ್ಲಿ ಪಾಕ ಒಂಬತ್ತು. ಪ್ರತಿಯೊಂದಕ್ಕೂ ಎರಡೇ ಅಳತೆ: ಮೊದಲಲ್ಲಿ ಹೇಗೆ, ಕೊನೆಯಲ್ಲಿ ಹೇಗೆ. ಬೇವು ಮೊದಲೂ ಕೊನೆಯೂ ರುಚಿಯಿಲ್ಲದ್ದು. ಬೋರೆಹಣ್ಣು ಮೊದಲು ರುಚಿಯಿಲ್ಲ, ಕೊನೆಗೆ ಮಧ್ಯಮ. ಮೃದ್ವೀಕಾ, ಅಂದರೆ ದ್ರಾಕ್ಷಿ, ಮೊದಲು ರುಚಿಯಿಲ್ಲ, ಕೊನೆಗೆ ಸವಿ. ಬದನೆ ಮಧ್ಯಮದಿಂದ ಕೆಟ್ಟದ್ದಕ್ಕೆ; ಹುಣಸೆ ಎರಡೂ ಕಡೆ ಮಧ್ಯಮ; ಮಾವು ಮಧ್ಯಮದಿಂದ ಸವಿಗೆ. ಅಡಿಕೆ ಮೊದಲು ಸವಿ, ಕೊನೆಗೆ ಕೆಟ್ಟದ್ದು. ಸೌತೆ ಸವಿಯಿಂದ ಮಧ್ಯಮಕ್ಕೆ. ತೆಂಗು ಮೊದಲೂ ಕೊನೆಯೂ ಸವಿ. ಪ್ರತಿ ಮೂರರ ಗುಂಪಿನಲ್ಲಿ ಮೊದಲನೆಯದನ್ನು ಬಿಡಬೇಕು, ನಡುವಿನದನ್ನು ತಿದ್ದಬೇಕು, ಕೊನೆಯದನ್ನು ಒಪ್ಪಬೇಕು.

ಇಲ್ಲಿ ದ್ರಾಕ್ಷಿಯ ಸ್ಥಾನ ನೋಡಿ. ನಾವು ಓದಿದ ದ್ರಾಕ್ಷಾಪಾಕಕ್ಕೆ ಇದು ತೀರಾ ಉಲ್ಟಾ. ಮೊದಲು ಸಪ್ಪೆ, ಪರಿಣಾಮದಲ್ಲಿ ಸವಿ. ಹಳೆಯ ಬೋರ್ಡೋಗೆ ಇದಕ್ಕಿಂತ ಚಿಕ್ಕ, ಸರಿಯಾದ ವಿವರಣೆ ನನಗೆ ಕಾಣಲಿಲ್ಲ. ಎರಡು ಕಾಲದಲ್ಲೂ ಇದು ನಿಜವಾಗುತ್ತದೆ. ಒಂದು ಗುಟುಕಿನೊಳಗೆ: ತುದಿನಾಲಿಗೆಗೆ ಹುಳಿ ಒಗರು, ನುಂಗಿದ ಮೇಲೆ ಉಳಿಯುವ ಕಂಪು. ವರ್ಷಗಳೊಳಗೆ: ಎಳವೆಯಲ್ಲಿ ಬಿಗಿ, ಮುಪ್ಪಿನಲ್ಲಿ ಸವಿ. ರಾಜಶೇಖರ ವೈನಿನ ಬಗ್ಗೆ ಬರೆದ ಅಂತ ನಾನು ಹೇಳ್ತಿಲ್ಲ. ಅವನ ಮಾತು ಕಾವ್ಯದ ಬಗ್ಗೆ. ಆದರೆ ರುಚಿಗೆ ಆದಿ ಮತ್ತು ಅಂತ ಇದೆ, ಅವೆರಡರ ನಡುವಿನ ಚಲನೆಯೇ ತೀರ್ಪಿನ ಆಧಾರ ಅನ್ನುವ ತಿಳುವಳಿಕೆ ಅವನಿಗೂ ಬೋರ್ಡೋದ ರುಚಿಗಾರರಿಗೂ ಸಮಾನ.

ಪಟ್ಟಿಯ ಹೊರಗೆ ಅವನು ಇನ್ನೊಂದನ್ನು ಹೇಳುತ್ತಾನೆ: ಕಪಿತ್ಥಪಾಕ, ಬೇಲದ ಹಣ್ಣು. ನೆಲೆ ನಿಲ್ಲದ ಪಾಕ. ಹಳೆಯ ವೈನಿನಲ್ಲಿ ಇದು ದಿನದಿನದ ಅನುಭವ. ಒಂದೇ ವರ್ಷ, ಒಂದೇ ತೋಟ, ಒಂದೇ ಪೆಟ್ಟಿಗೆಯ ಎರಡು ಬಾಟಲಿ ಮೂವತ್ತು ವರ್ಷದ ಮೇಲೆ ಒಂದೇ ಥರ ಇರುವುದಿಲ್ಲ. ಒಂದು ಬಿರಡೆ ಗಾಳಿ ಬಿಟ್ಟಿರುತ್ತದೆ, ಇನ್ನೊಂದು ಬಿಟ್ಟಿರುವುದಿಲ್ಲ. ಹಾಗಾಗಿ ಹಳೆಯ ವೈನಿನ ವಿಮರ್ಶೆ ಯಾವಾಗಲೂ ಒಂದು ಬಾಟಲಿಯ ವಿಮರ್ಶೆ. ಕೈಬರಹದ ಒಂದೇ ಪ್ರತಿಯನ್ನು ನೋಡಿ ಇಡೀ ಕೃತಿಯ ಪಾಠ ಇದೇ ಅನ್ನಲಾಗದು ಅಲ್ವಾ, ಹಾಗೆ.

5. ಅಂಕ ಮತ್ತು ಹೆಸರು

1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಮೆದೋಕ್‌ನ ತೋಟಗಳನ್ನು ಐದು ದರ್ಜೆ ಮಾಡಿದರು. ಆಧಾರ ಮುಖ್ಯವಾಗಿ ಮಾರುಕಟ್ಟೆಯ ಬೆಲೆ. ಆ ಪಟ್ಟಿಯ ಮೊದಲ ದರ್ಜೆಗೆ ಬಡ್ತಿ ಸಿಕ್ಕಿದ್ದು ಒಂದೇ ತೋಟಕ್ಕೆ, 1973ರಲ್ಲಿ, ಮೂತೋನ್ ರೋಥ್‌ಶಿಲ್ಡ್‌ಗೆ. ಇನ್ನೊಂದು ಅಳತೆ ಅಮೆರಿಕದ ರಾಬರ್ಟ್ ಪಾರ್ಕರ್ ಜನಪ್ರಿಯ ಮಾಡಿದ 50ರಿಂದ 100ರವರೆಗಿನ ಅಂಕ. 1982ರ ಬೋರ್ಡೋವನ್ನು ಎತ್ತಿ ಹಿಡಿದು ಅವರು ಹೆಸರಾದರು. ದರ್ಜೆ ನೆಲಕ್ಕೆ ಕೊಟ್ಟದ್ದು, ಅಂಕ ಗುಟುಕಿಗೆ ಕೊಟ್ಟದ್ದು. ಎರಡರಲ್ಲೂ ತೊಡಕಿದೆ.

ಮೊದಲು ದರ್ಜೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ರುಚಿಗೋಷ್ಠಿಯಲ್ಲಿ ಹೆಸರು ಮುಚ್ಚಿಟ್ಟು ಕೊಟ್ಟಾಗ, ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ 1973ರ ಸ್ಟ್ಯಾಗ್ಸ್ ಲೀಪ್‌ಗೆ ಮೊದಲ ಸ್ಥಾನ ಕೊಟ್ಟರು. 1970ರ ಮೂತೋನ್, ಓ ಬ್ರಿಯೋನ್ ಹಿಂದೆ ಬಿದ್ದವು. ಆಗ ಬಂದ ಸಮಾಧಾನ: ನಮ್ಮದಿನ್ನೂ ಎಳೆಯದು, ಹಳತಾಗಲಿ, ಆಮೇಲೆ ನೋಡೋಣ. 2006ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ, ಅವೇ ವರ್ಷದ ವೈನುಗಳನ್ನು ಮತ್ತೆ ರುಚಿ ನೋಡಿದರು. ಮತ್ತೆ ಮುಂದೆ ಬಂದದ್ದು ಕ್ಯಾಲಿಫೋರ್ನಿಯಾ, ಈ ಸಲ 1971ರ ರಿಜ್ ಮಾಂಟೆ ಬೆಲ್ಲೋ. ‘ಕಾಲ ತೀರ್ಮಾನಿಸುತ್ತದೆ’ ಅಂತ ನಾವೂ ಸಾಹಿತ್ಯದಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಕಾಲ ತೀರ್ಮಾನಿಸುವುದು ನಿಜ. ಆದರೆ ನಮಗೆ ಬೇಕಾದ ಹಾಗೇ ತೀರ್ಮಾನಿಸುತ್ತದೆ ಅನ್ನುವ ಭರವಸೆ ಏನೂ ಇಲ್ಲ.

ಇನ್ನು ಅಂಕ. ಕ್ಯಾಲಿಫೋರ್ನಿಯಾದ ಒಂದು ವೈನ್ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಅವರಿಗೆ ಗೊತ್ತಾಗದಂತೆ ಮೂರು ಸಲ ಕೊಟ್ಟು ರಾಬರ್ಟ್ ಹಾಡ್ಜ್‌ಸನ್ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೂರೂ ಸಲ ಹತ್ತಿರ ಹತ್ತಿರದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಬೋರ್ಡೋ ವಿಶ್ವವಿದ್ಯಾಲಯದಲ್ಲೇ ಫ್ರೆಡ್ರಿಕ್ ಬ್ರೊಶೆ ಮತ್ತು ಜೊತೆಗಾರರು 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟರು. ವಿದ್ಯಾರ್ಥಿಗಳು ಅದರ ವಾಸನೆಯನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. 2001ರ ಈ ಲೇಖನವನ್ನು ಉದಾಹರಿಸಿ ‘ವೈನ್ ವಿಮರ್ಶೆ ಎಲ್ಲಾ ಸುಳ್ಳು’ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಣ್ಣು ಮೂಗನ್ನು ನಡೆಸುತ್ತದೆ, ನಿರೀಕ್ಷೆ ರುಚಿಯನ್ನು ಕಟ್ಟುತ್ತದೆ ಅಂತಷ್ಟೇ ಅದು ಹೇಳುವುದು. ಕವಿಯ ಹೆಸರು ನೋಡಿ ಕವಿತೆ ಓದುವ ನಾವು ಆ ವಿದ್ಯಾರ್ಥಿಗಳನ್ನು ನೋಡಿ ನಗುವ ಸ್ಥಿತಿಯಲ್ಲಿಲ್ಲ.

ಹಾಗಾದರೆ ಹೆಸರನ್ನು ಮುಚ್ಚಿಟ್ಟೇ ನೋಡಬೇಕಾ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ರಾಕ್ಷಿಯ ಮದ್ಯಕ್ಕೆ ‘ಮಧು’ ಎಂದು ಹೆಸರು. ಅದರ ಬಗೆಗಳನ್ನು ಅದು ಹುಟ್ಟಿದ ದೇಶದ ಹೆಸರಿನಿಂದಲೇ ಗುರುತಿಸುತ್ತಾರೆ: ಕಾಪಿಶಾಯನ, ಹಾರಹೂರಕ. ಊರಿನ ಹೆಸರು ಅಲ್ಲಿ ಜಂಬದ ಚೀಟಿ ಅಲ್ಲ, ರುಚಿಯ ವ್ಯಾಖ್ಯಾನ. ಆದರೆ ಹೆಸರಿಗೆ ಬೆಲೆ ಬಂದ ಕೂಡಲೇ ನಕಲಿಯೂ ಬರುತ್ತದೆ. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ, ಥಾಮಸ್ ಜೆಫರ್ಸನ್‌ಗೆ ಸೇರಿದ್ದೆನ್ನಲಾದ 1787ರ ಲಫೀಟ್ ಬಾಟಲಿ 1,05,000 ಪೌಂಡಿಗೆ ಹೋಯಿತು. ಅದೇ ಮೂಲದಿಂದ ಬಂದ ಬಾಟಲಿಗಳನ್ನು ಕೊಂಡಿದ್ದ ಬಿಲ್ ಕೋಕ್ ಮುಂದೆ ಅವು ನಕಲಿ ಎಂದು ಕೋರ್ಟಿಗೆ ಹೋದರು. ಶಾಸನ ಓದುವವರು ಕೂಟಶಾಸನವನ್ನೂ ಗುರುತಿಸಬೇಕು. ಇಲ್ಲೂ ಅಷ್ಟೆ.

ಇಲ್ಲಿ ರಾಜಶೇಖರನ ಗ್ರಂಥ ಮತ್ತೆ ನೆರವಿಗೆ ಬರುತ್ತದೆ. ಒಂದು ಪದ ತೆಗೆದು ಇನ್ನೊಂದು ಹಾಕಲಾಗದ ಸ್ಥಿತಿಯೇ ಪಾಕ ಎಂದು ವಾಮನನ ಪಂಥದವರ ಮತ. ಅದು ಪಾಕವಲ್ಲ, ಅಶಕ್ತಿ. ರಸಕ್ಕೆ ಉಚಿತವಾಗಿ ಕಟ್ಟುವುದೇ ಪಾಕ ಎಂದು ಅವಂತಿಸುಂದರಿಯ ಆಕ್ಷೇಪ. ಅವಳು ರಾಜಶೇಖರನ ಹೆಂಡತಿ. ಅವಳ ಮತವನ್ನು ಅವನು ಹೆಸರು ಹೇಳಿ ದಾಖಲಿಸಿದ್ದಾನೆ. ತೀರ್ಪಿನ ಜೊತೆ ಭಿನ್ನಮತವನ್ನೂ ಬರೆದಿಡುವುದು ಒಂದು ಅಳತೆ. 96 ಎಂಬ ಅಂಕದೊಳಗೆ ಅವಂತಿಸುಂದರಿಗೆ ಜಾಗ ಇಲ್ಲ. ನನ್ನ ತಕರಾರು ಇಷ್ಟೇ.

6. ಹೋಲಿಕೆಯ ಮಾತು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನ್ ನೋಬಲ್ 1984ರ ಸುಮಾರಿಗೆ ವೈನಿನ ವಾಸನೆಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ಹೊಗಳಿಕೆ ಬಿಟ್ಟು, ಎಲ್ಲರೂ ಮೂಸಿ ನೋಡಬಹುದಾದ ವಸ್ತುವಿನ ಹೆಸರು ಹೇಳಬೇಕು ಅನ್ನುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ‘ಎಲ್ಲರೂ’ ಅಂದರೆ ಯಾರು? ಕ್ಯಾಬರ್ನೇಯ ಬಗ್ಗೆ ಬರೆದ ಪ್ರತಿ ಟಿಪ್ಪಣಿಯಲ್ಲೂ ಬ್ಲ್ಯಾಕ್‌ಕರಂಟ್ ಇರುತ್ತದೆ. ಕುನ್ನತ್ತೂರಿನಲ್ಲಿ ಆ ಹಣ್ಣು ಇಲ್ಲ. ನೇರಳೆ ಇದೆ, ಬಣ್ಣ, ಹುಳಿ, ಒಗರು ಮೂರನ್ನೂ ಒಟ್ಟಿಗೆ ಹೇಳುವ ಹಣ್ಣು. ನೇರಳೆ ಅಂದರೆ ಅದು ಅನುವಾದ ಅಲ್ಲ, ಬೇರೆ ಹಣ್ಣೇ. ಹಾಗೆಂದು ಕಾಣದ ಹಣ್ಣಿನ ಹೆಸರನ್ನು ಉರುಹೊಡೆದು ಹೇಳುವುದು ರುಚಿ ನೋಡುವುದೂ ಅಲ್ಲ.

ಮಾತಿಗೂ ವಯಸ್ಸಾಗುತ್ತದೆ. ಹಳಗನ್ನಡದ ‘ನಾತ’, ಹಳೆಯ ತಮಿಳಿನ ‘ನಾಟ್ರಂ’ ಎರಡಕ್ಕೂ ಬರೀ ವಾಸನೆ, ಎಷ್ಟೋ ಸಲ ಸುವಾಸನೆ ಎಂದೇ ಅರ್ಥವಿತ್ತು. ಈಗ ಎರಡು ಭಾಷೆಯಲ್ಲೂ ದುರ್ವಾಸನೆ. ವೈನಿನ ಒಗರು ಸವಿಗೆ ತಿರುಗುವ ಹಾಗೆ, ಮಾತು ಸವಿಯಿಂದ ಕೆಟ್ಟದ್ದಕ್ಕೂ ತಿರುಗಬಹುದು. ರಾಜಶೇಖರನ ಪಟ್ಟಿಯಲ್ಲಿ ಅದು ಅಡಿಕೆಯ ಪಾಕ. ಹಳತಾದದ್ದೆಲ್ಲ ಹಣ್ಣಾದದ್ದಲ್ಲ.

7. ಯಾರ ನಾಲಿಗೆ?

ಕೊನೆಯ ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೊಂಗುನಾಡು ತೆಂಗು, ತಾಳೆಯ ಸೀಮೆ. ತಮಿಳುನಾಡಿನಲ್ಲಿ 1987ರ ಜನವರಿ 1ರಿಂದ ಕಳ್ಳಿಗೆ ನಿಷೇಧ. ಅದನ್ನು ತೆಗೆಯಬೇಕು ಎಂದು ಇಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಇತ್ತ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ಸಾರಾಯಿ ಮನೆ ಹಾಳು ಮಾಡಿದ್ದು ಸುಳ್ಳಲ್ಲ, ಹೆಂಗಸರ ಹೋರಾಟವೂ ಸುಳ್ಳಲ್ಲ. ನಿಷೇಧ ಸರಿಯೇ ತಪ್ಪೇ ಅನ್ನುವುದು ಈ ಪ್ರಬಂಧದ ಪ್ರಶ್ನೆಯಲ್ಲ. ವಿಮರ್ಶೆಯ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇಷ್ಟು: ಒಂದು ಪಾನೀಯಕ್ಕೆ ಶಬ್ದಕೋಶ, ಚಕ್ರ, ಅಂಕ, ಹರಾಜು, ಇನ್ನೊಂದಕ್ಕೆ ಬರೀ ಕಾನೂನು.

ಕಳ್ಳು ಮರದಿಂದ ಇಳಿಯುವಾಗಲೇ ಹುದುಗತೊಡಗುತ್ತದೆ. ಬೆಳಿಗ್ಗೆ ಸಿಹಿ, ಸಂಜೆಗೆ ಖಾರ, ಮಾರನೆಯ ದಿನ ಹುಳಿ. ಬೋರ್ಡೋ ಮೂವತ್ತು ವರ್ಷದಲ್ಲಿ ನಡೆಯುವ ದಾರಿಯ ಒಂದು ಪಾಲನ್ನು ಅದು ಒಂದೇ ಹಗಲಲ್ಲಿ ನಡೆದು ಮುಗಿಸುತ್ತದೆ. ಯಾವ ಮರದ್ದು, ಎಷ್ಟು ಹೊತ್ತಿನದು ಅಂತ ಒಂದು ಗುಟುಕಿನಲ್ಲಿ ಹೇಳಬಲ್ಲವರು ಇದ್ದರು. ಅವರ ತಿಳಿವು ಟಿಪ್ಪಣಿ ಆಗಲಿಲ್ಲ, ಯಾಕೆಂದರೆ ಬರೆಯುವವರು ಅವರನ್ನು ರುಚಿಗಾರರು ಅಂತ ಎಣಿಸಲೇ ಇಲ್ಲ. ಹಳಗನ್ನಡ ಇಷ್ಟು ಮಡಿವಂತ ಆಗಿರಲಿಲ್ಲ. ಪಂಪ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಕಣ್ಣಿಗೆ ಕಟ್ಟುವಂತೆ ತಂದ. ಅಷ್ಟಾದಶ ವರ್ಣನೆಯಲ್ಲಿ ಮಧುಪಾನಕ್ಕೂ ಸ್ಥಾನ ಇತ್ತು. ಹೊಸಗನ್ನಡದಲ್ಲಿ ಜಿ.ಪಿ. ರಾಜರತ್ನಂ ಅವರ ರತ್ನ ಬಂದ. ಅವನ ಹೆಂಡಕ್ಕೆ ವಯಸ್ಸಿಲ್ಲ, ಅಂಕವಿಲ್ಲ. ಅದರ ಜೊತೆಗೆ ಪುಟ್ನಂಜಿ ಇದ್ದಾಳೆ, ಕನ್ನಡದ ಪದ ಇದೆ. ಅಲ್ಲಿ ರುಚಿ ಲೋಟದೊಳಗೆ ಮಾತ್ರ ಇಲ್ಲ, ಲೋಟ ಹಿಡಿದವನ ಬದುಕಿನಲ್ಲಿದೆ. ಬೋರ್ಡೋದ ಟಿಪ್ಪಣಿ ಬರೆಯುವವರು ಬಿಟ್ಟುಬಿಡುವುದು ಇದನ್ನೇ.

ನನ್ನ ನಿಲುವನ್ನು ಒಟ್ಟು ಮಾಡಿ ಹೇಳುವುದಾದರೆ: ಹಳೆಯ ಬೋರ್ಡೋದ ವಿಮರ್ಶೆಯಿಂದ ನಾವು ಕಲಿಯಬೇಕಾದದ್ದು ತಾಳ್ಮೆ ಮತ್ತು ಕ್ರಮ. ಕಣ್ಣು, ಮೂಗು, ಬಾಯಿ ಬೇರೆ ಬೇರೆಯಾಗಿ ಏನು ಹೇಳುತ್ತವೆ ಎಂದು ಬರೆದಿಟ್ಟು ಆಮೇಲೆ ತೀರ್ಪು ಕೊಡುವುದು. ಅದಕ್ಕೆ ನಾವು ಕೊಡಬಹುದಾದದ್ದು ಪಾಕದ ಕಲ್ಪನೆ: ಆದಿ ಅಂತಗಳ ಚಲನೆ, ಬಿಡುವುದು, ತಿದ್ದುವುದು, ಒಪ್ಪುವುದು ಎಂಬ ಮೂರು ದರ್ಜೆ, ಮತ್ತು ಭಿನ್ನಮತಕ್ಕೆ ಜಾಗ.

ಚರ್ಚೆ

ಪ್ರಶ್ನೆ (ಅಧ್ಯಾಪಕರು): ಕುಡಿದು ನೋಡದೆ ಈ ವಿಮರ್ಶೆ ಸಾಧ್ಯವೇ?

ಉತ್ತರ: ಸರ್, ವೈನಿನ ವಿಮರ್ಶೆ ಸಾಧ್ಯವಿಲ್ಲ. ವೈನ್ ವಿಮರ್ಶೆಯ ವಿಮರ್ಶೆ ಸಾಧ್ಯ. ನನ್ನ ಮುಂದೆ ಇರುವುದು ಬರಹ, ಅದನ್ನು ಓದಿದ್ದೇನೆ. ರತ್ನನನ್ನು ಸೃಷ್ಟಿಸಿದವರೂ ಕುಡುಕರಾಗಿರಲಿಲ್ಲ.

ಪ್ರಶ್ನೆ (ಸಹಪಾಠಿ): ಹಳತಾದಷ್ಟೂ ವೈನ್ ಒಳ್ಳೆಯದು ಅಂತಾರಲ್ಲ?

ಉತ್ತರ: ಇಲ್ಲ. ಜಗತ್ತಿನ ಹೆಚ್ಚಿನ ವೈನ್ ಕೆಲವೇ ವರ್ಷದಲ್ಲಿ ಕುಡಿಯುವುದಕ್ಕೆ ಮಾಡಿದ್ದು. ಬೋರ್ಡೋದಲ್ಲೂ ಹಾಗೇ. ಎಳವೆಯಲ್ಲಿ ಹುಳಿ, ಒಗರು, ಹಣ್ಣು ಮೂರೂ ಸಾಕಷ್ಟು ಇದ್ದದ್ದು ಮಾತ್ರ ಹಣ್ಣಾಗುತ್ತದೆ. ಉಳಿದದ್ದು ಬರೀ ಮುದಿಯಾಗುತ್ತದೆ.

ಪ್ರಶ್ನೆ (ಅಧ್ಯಾಪಕರು): ಒಗರು, ನೇರಳೆ ಅಂತ ಬರೆದರೆ ಬೋರ್ಡೋದವರಿಗೆ ಅರ್ಥವಾಗುವುದಿಲ್ಲವಲ್ಲ?

ಉತ್ತರ: ಆಗಲ್ಲ, ಮೇಡಂ. ಅವರ ಬ್ಲ್ಯಾಕ್‌ಕರಂಟ್ ನಮಗೆ ಅರ್ಥವಾಗದ ಹಾಗೇ. ಆದರೆ ಅವರು ನಮಗಾಗಿ ಬರೆಯಲಿಲ್ಲ. ನಾವು ಬರೆಯುವ ಮೊದಲ ಟಿಪ್ಪಣಿಯಾದರೂ ಅಡಿಕೆ, ನೇರಳೆ ಗೊತ್ತಿರುವವರಿಗೆ ಇರಲಿ.